ಗದುಗಿನ ಎಡಗೈ



ಗದುಗು ಎಂದೊಡನೆ ಪರಊರಿನವರು ನೆನೆಯುವುದು ವೀರನಾರಾಯಣನ ಗುಡಿಯನ್ನು, ಆ ಗುಡಿಯ ಕಂಬದ ಬುಡದಲ್ಲಿ ಕುಳಿತು ಭಾರತ ಬರೆದನೆಂದು ನಾವೆಲ್ಲ ನಂಬಿರುವ ಕುಮಾರವ್ಯಾಸನನ್ನು. ಸಂಗೀತಪ್ರಿಯರಾದರೆ ಪಂಡಿತ ಭೀಮಸೇನ ಜೋಶಿಯವರನ್ನೂ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳನ್ನೂ ನೆನೆಯುತ್ತಾರೆ. ಹೆಣ್ಣುಮಕ್ಕಳು ಬೆಟಗೇರಿಯ ಸೀರೆಯ ಮಾತು ತೆಗೆಯುತ್ತಾರೆ. ಕ್ರಿಕೆಟ್ಟಿನ ನಿಮಿತ್ತ ಗದುಗನ್ನು ನೆನೆಯುವವರು ವಿರಳ. ಆದರೆ ಭಾರತ ತಂಡಕ್ಕೆ 15 ಟೆಸ್ಟ್ ಪಂದ್ಯಗಳನ್ನೂ 69 ಏಕದಿನ ಪಂದ್ಯಗಳನ್ನೂ ಆಡಿದ ಸುನೀಲ ಜೋಶಿ ಇದೇ ಊರಿನಲ್ಲಿ 1970ರ ಜೂನ್ 6ರಂದು ಹುಟ್ಟಿದವರು. ಅವರ ಆಟದ ಬದುಕಿನ ಬಗ್ಗೆ ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಅವರು ನನ್ನ ವಿದ್ಯಾರ್ಥಿಯಲ್ಲ. ನಾನು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಪಾಠ ಹೇಳಿದವನು. ಅವರನ್ನು ಬಲ್ಲದ್ದು ಪತ್ರಿಕೆಯ ಹಾಗೂ ದೂರದರ್ಶನದ ಮೂಲಕ ಮಾತ್ರ. ಆದರೂ ಅವರ ಎಡಗೈ ನನ್ನ ತರಗತಿಯೊಳಕ್ಕೆ ಬಂದುಹೋದ ಬಗೆಯನ್ನು ಹೇಳಬೇಕಾಗಿದೆ.

ಸುನೀಲ ಜೋಶಿಯವರ ಬಾಲ್ಯದ ಬಗ್ಗೆ ಎಲ್ಲರೂ ಹೇಳುವ ಸಂಗತಿ ಒಂದೇ. ಶಾಲಾಬಾಲಕನಾಗಿದ್ದಾಗ ನಿತ್ಯ ಬೆಳಗಿನ ಜಾವದಲ್ಲಿ ಗದುಗಿನಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಬಾರಿಸುವುದರೊಳಗೆ ಗದುಗಿಗೆ ಮರಳುತ್ತಿದ್ದರಂತೆ. ಇದನ್ನು ಕ್ರೀಡಾ ವರದಿಗಾರರು ಒಂದು ಸಾಲಿನಲ್ಲಿ ಬರೆದು ಮುಂದೆ ಸಾಗುತ್ತಾರೆ. ನಮ್ಮ ಕಡೆಯವರು ಆ ಸಾಲಿನ ಮುಂದೆ ತುಸು ನಿಲ್ಲಬೇಕು. ಗದುಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. 1980ರ ದಶಕದಲ್ಲಿ ಆ ಹಾದಿಯ ರೈಲು ಮೀಟರ್ ಗೇಜಿನದು. ಹುಲಕೋಟಿ, ಅಣ್ಣಿಗೇರಿ ಎಂದು ನಿಲ್ಲುತ್ತ, ಉಸಿರು ಬಿಡುತ್ತ ಸಾಗುತ್ತಿತ್ತು. ಬಸ್ಸುಗಳೂ ಅಂಥವೇ. ಹೋಗಿ ಬರಲು 120 ಕಿಲೋಮೀಟರ್. ನಡುವೆ ಚೆಂಡು ಎಸೆದು ಬೆವರಬೇಕು. ಆ ಮೇಲೆ ಬೆಂಚಿನ ಮೇಲೆ ಕುಳಿತು ಗಣಿತ ಕೇಳಬೇಕು. ಹತ್ತು ನಿಮಿಷದ ಹಾದಿಯ ಮನೆಯಿಂದ ಬರುವ ಮಕ್ಕಳೇ ಮೊದಲ ಅವಧಿಯಲ್ಲಿ ತೂಕಡಿಸುವುದನ್ನು ಮೂರು ದಶಕಕ್ಕೂ ಮಿಕ್ಕಿ ಕಂಡ ನನಗೆ ಈ ದಿನಚರಿ ಒಂದು ತಪಸ್ಸಿನಂತೆ ತೋರುತ್ತದೆ.

ಇಲ್ಲಿ ಇನ್ನೊಬ್ಬ ಜೋಶಿಯವರ ನೆನಪು ಬಾರದೆ ಇರದು. ಭೀಮಸೇನರು 1933ರಲ್ಲಿ, ಇನ್ನೂ ಹನ್ನೊಂದರ ಹುಡುಗ, ಗುರುವನ್ನು ಅರಸುತ್ತ ಮನೆ ಬಿಟ್ಟು ರೈಲು ಹತ್ತಿದವರು. ಅವರ ತಂದೆ ಗುರುರಾಜ ಜೋಶಿಯವರು ನಮ್ಮಂತೆಯೇ ಶಾಲಾಮಾಸ್ತರರು ಎಂಬುದನ್ನು ನೆನೆದಾಗ ಆ ತಂದೆಯ ಸಂಕಟ ನನಗೆ ಹೆಚ್ಚು ತಿಳಿಯುತ್ತದೆ. ಆ ಜೋಶಿ ಹೋದವರು ವರ್ಷಗಟ್ಟಲೆ ತಿರುಗಿದರು. ಈ ಜೋಶಿ ದಿನವೂ ಹೋಗಿ ದಿನವೂ ತಿರುಗಿ ಬಂದರು. ವಿದ್ಯೆ ಬೇಕಾದವನು ಊರು ಬಿಡಬೇಕೆಂಬುದು ಮಾತ್ರ ಇಬ್ಬರಿಗೂ ತಪ್ಪಲಿಲ್ಲ.

ಕ್ರಿಕೆಟ್ ಅರಿಯದ ನಮ್ಮ ಬಂಧುಗಳಿಗಾಗಿ ಒಂದೆರಡು ಮಾತು. ಎಡಗೈ ಸ್ಪಿನ್ ಬೌಲರ್ ಬೆರಳುಗಳಿಂದ ತಿರುವಿದ ಚೆಂಡು ನೆಲಕ್ಕೆ ಬಿದ್ದು, ಬಲಗೈ ಬ್ಯಾಟುಗಾರನ ಕಾಲಿನ ಕಡೆಯಿಂದ ಹೊರಗೆ, ಸ್ಲಿಪ್ಪಿನ ದಿಕ್ಕಿಗೆ ಸರಿಯುತ್ತದೆ. ಬ್ಯಾಟುಗಾರ ಅದನ್ನು ಹಿಂಬಾಲಿಸಿದರೆ ಅಂಚಿಗೆ ತಾಗೀತು, ಮುನ್ನುಗ್ಗಿದರೆ ಕೀಪರ್ ಬೇಲ್ಸ್ ಹಾರಿಸಿಯಾನು. ಒಂದು ಚೆಂಡು ತಿರುಗದೆ ನೇರ ಬಂದರೆ ಇನ್ನೂ ಅಪಾಯ. ಪಿಚ್ ಎಂಬುದು ಜಿಗುಟು ಮಣ್ಣಿನ ಹಾಸು. ನಮ್ಮ ಮುಂಡರಗಿ, ನರಗುಂದದ ಎರೆಯ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೀವೆಲ್ಲ ಕಂಡಿದ್ದೀರಿ. ಅಂಥದೇ ಗುಣ ಪಿಚ್ಚಿನ ಮಣ್ಣಿಗೂ ಇರುತ್ತದೆ. ನೀರುಂಡು ಉಬ್ಬಿ, ಒಣಗಿ ಬಿರಿದು, ನಾಲ್ಕನೆಯ ದಿನದ ಹೊತ್ತಿಗೆ ಬಿರುಕು ಬಿದ್ದಾಗ ಸ್ಪಿನ್ ಬೌಲರನ ಹಬ್ಬ. ಇಷ್ಟೊಂದು ಎರೆಮಣ್ಣಿದ್ದೂ ನಮ್ಮ ತಾಲೂಕುಗಳಲ್ಲಿ ಒಂದು ಸರಿಯಾದ ಟರ್ಫ್ ಪಿಚ್ ಕಾಣುವುದು ದುರ್ಲಭವಾಗಿತ್ತು. ಹುಡುಗರು ಆಡುತ್ತಿದ್ದುದು ನಾರಿನ ಮ್ಯಾಟಿನ ಮೇಲೆ, ಅದೂ ಇಲ್ಲದಿದ್ದರೆ ಸುಗ್ಗಿ ಮುಗಿದ ಕಣದಲ್ಲಿ.

ಜೋಶಿಯವರು ಕರ್ನಾಟಕ ರಣಜಿ ತಂಡದಲ್ಲಿ ನೆಲೆನಿಂತದ್ದೇ ಒಂದು ಸಾಹಸ. 1995-96ರ ಋತುವಿನಲ್ಲಿ ಅವರು 529 ಓಟಗಳನ್ನು ಹೊಡೆದು 52 ವಿಕೆಟ್ ಕಿತ್ತರು. ಒಂದೇ ರಣಜಿ ಋತುವಿನಲ್ಲಿ ಐನೂರು ಓಟ, ಐವತ್ತು ವಿಕೆಟ್ ಎರಡನ್ನೂ ಸಾಧಿಸುವುದು ಅಪರೂಪ. ಆ ವರ್ಷ ಕರ್ನಾಟಕ ತಂಡ ರಣಜಿ ಟ್ರೋಫಿಯನ್ನೂ ಗೆದ್ದಿತು. ಆಯ್ಕೆಗಾರರು ಕಣ್ಣು ತೆರೆಯಲೇಬೇಕಾಯಿತು.

1996ರ ಜೂನ್ 6. ಇಂಗ್ಲೆಂಡಿನ ಎಜ್‌ಬಾಸ್ಟನ್. ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ ಜೋಶಿ ಮೊದಲ ಟೆಸ್ಟ್ ಆಡಿದರು. ಅಂದು ಭಾರತದ ಹನ್ನೊಂದು ಜನರಲ್ಲಿ ನಾಲ್ವರು ನಮ್ಮವರು: ಕುಂಬ್ಳೆ, ಶ್ರೀನಾಥ, ವೆಂಕಟೇಶ ಪ್ರಸಾದ, ಜೋಶಿ. ರಾಹುಲ ದ್ರಾವಿಡರ ಸರದಿ ಮುಂದಿನ ಟೆಸ್ಟಿನಲ್ಲಿ ಬಂದಿತು. ಉಳಿದವರು ಬೆಂಗಳೂರು, ಮೈಸೂರುಗಳಲ್ಲಿ ಆಡಿ ಬೆಳೆದವರು. ಜೋಶಿಯೊಬ್ಬರೇ ಬಯಲುಸೀಮೆಯ ಈ ತುದಿಯವರು. ಆಗ ಗದಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. ಜಿಲ್ಲೆಯಾಗುವ ಮುನ್ನವೇ ನಮ್ಮೂರಿಗೆ ಟೆಸ್ಟ್ ಆಟಗಾರ ದೊರೆತಿದ್ದ ಎಂದು ನಾನು ಲಕ್ಷ್ಮೇಶ್ವರದ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಆ ಪಂದ್ಯದಲ್ಲಿ ಅವರ ಬೆರಳಿಗೆ ಪೆಟ್ಟಾಗಿ ಒಂದು ಓವರನ್ನೂ ಎಸೆಯಲಾಗಲಿಲ್ಲ. ಬೌಲರನಾಗಿ ಆಯ್ಕೆಯಾದವನು ಬೌಲಿಂಗ್ ಮಾಡದೆ ತನ್ನ ಮೊದಲ ಟೆಸ್ಟ್ ಮುಗಿಸುವುದೆಂದರೆ ಅದೆಂಥ ವಿಧಿ!

ಆ ದಿನಗಳಲ್ಲೇ ನನ್ನ ಶಾಲೆಯಲ್ಲಿ ವಿಚಿತ್ರವೊಂದು ಕಾಣತೊಡಗಿತು. ಬಲಗೈಯ ಹುಡುಗರೂ ಎಡಗೈಯಿಂದ ಚೆಂಡು ಎಸೆಯಲು ಹೊರಟರು. ಚೆಂಡು ಎಲ್ಲೆಲ್ಲಿಗೋ ಹೋಗಿ ಬೀಳುತ್ತಿತ್ತು. ಒಮ್ಮೆಯಂತೂ ಬಿಸಿಯೂಟದ ಪದ್ಧತಿ ಇನ್ನೂ ಬಾರದ ಆ ಕಾಲದಲ್ಲಿ ಮಕ್ಕಳು ಬುತ್ತಿ ಬಿಚ್ಚಿದ್ದ ಪಡಸಾಲೆಗೇ ಬಿದ್ದು ಒಬ್ಬಳ ರೊಟ್ಟಿ, ಶೇಂಗಾಪುಡಿ ಮಣ್ಣುಪಾಲಾಯಿತು. ನಕ್ಕು ಬಿಡಬಹುದಾದ ಸಂಗತಿ. ಆದರೆ ಎಡಗೈ ಎಂಬುದು ನಮ್ಮ ಸೀಮೆಯಲ್ಲಿ ನಗುವ ವಿಷಯವಾಗಿರಲಿಲ್ಲ. ಊಟಕ್ಕೆ, ದಾನಕ್ಕೆ, ಆರತಿಗೆ, ಅಕ್ಷರಕ್ಕೆ ಬಲಗೈಯೇ ಬೇಕು. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳ ಮೇಲೆ ಅಡ್ಡಪಟ್ಟಿ ಬೀಳುತ್ತಿತ್ತು. ಕೆಲವು ಮನೆಗಳಲ್ಲಿ ಆ ಕೈಯನ್ನೇ ಬಟ್ಟೆಯಿಂದ ಕಟ್ಟುತ್ತಿದ್ದರು. ‘ರೊಡ್ಡ’ ಎಂಬ ಅಡ್ಡಹೆಸರು ಹೊತ್ತೇ ಬೆಳೆದ ಮಕ್ಕಳು ಎಷ್ಟೋ. ಬಿ.ಎಡ್. ಓದುವಾಗ ಮನೋವಿಜ್ಞಾನದ ಪಾಠದಲ್ಲಿ, ಎಡಗೈ ಬಳಸುವ ಮಗುವನ್ನು ಬಲವಂತದಿಂದ ತಿದ್ದಬಾರದೆಂದು ನಾವು ಕಲಿತಿದ್ದೆವು. ಅದನ್ನು ಪಾಲಕರಿಗೆ ಹೇಳಿದರೆ, ಪುಸ್ತಕದ ಮಾತು ಎಂದು ನಕ್ಕು ಹೋಗುತ್ತಿದ್ದರು. ಪುಸ್ತಕದಿಂದ ಆಗದ ಕೆಲಸ ಜೋಶಿಯವರಿಂದ ಆಯಿತು.

ನಾನು ಮುಂಡರಗಿಗೆ ವರ್ಗವಾಗಿ ಬಂದ ಮೇಲಿನ ಮಾತು. ತುಂಗಭದ್ರೆಯ ದಂಡೆಯ ಹಳ್ಳಿಯೊಂದರಿಂದ ಎಂಟನೆಯ ತರಗತಿಗೆ ಹುಡುಗನೊಬ್ಬ ಬಂದು ಸೇರಿದ. ಹೆಸರು ಬೇಡ, ಓದಿದರೆ ಅವನಿಗೇ ತಿಳಿಯುತ್ತದೆ. ಬಲಗೈಯಲ್ಲಿ ಬರೆದ ಅಕ್ಷರ ಇರುವೆ ಹರಿದಾಡಿದಂತೆ. ತಾಯಿ ಒಂದು ದಿನ ಶಾಲೆಗೆ ಬಂದು ಬಾಗಿಲ ಮರೆಯಲ್ಲಿ ನಿಂತು ಹೇಳಿದಳು:

“ಸರ, ಇವಂಗ ಎಡಗೈಲೆ ಬರಿಯಾಕ ಬಿಡ್ರಿ. ಸಣ್ಣಾಂವ ಇದ್ದಾಗ ನಾವ ಬಡದು ಬಿಡಿಸಿದ್ವಿ. ಗದಗಿನ ಜೋಶಿಯವರು ಎಡಗೈಲೇನ ದೇಶಕ್ಕ ಆಡ್ಯಾರಂತ, ದಿನಾ ಅದನ್ನ ಹೇಳತಾನ್ರಿ.”

“ಬರೀಲಿ ತಂಗಿ, ಅದರಾಗ ತಪ್ಪೇನೈತಿ?” ಎಂದೆ. ಮೂರು ತಿಂಗಳಲ್ಲಿ ಅವನ ಅಕ್ಷರ ತಿದ್ದಿತು. ಮೈದಾನದಲ್ಲಿ ಅವನ ಚೆಂಡು ಮೊದಲಿನಿಂದಲೂ ಚೆಂದವಾಗಿಯೇ ತಿರುಗುತ್ತಿತ್ತು. ಮ್ಯಾಟಿನ ಮೇಲೆ ಬಿದ್ದ ಚೆಂಡು ಒಂದು ಗೇಣು ಸರಿಯುತ್ತಿದ್ದುದನ್ನು ನಮ್ಮ ದೈಹಿಕ ಶಿಕ್ಷಕರು ನನ್ನನ್ನು ಕರೆದು ತೋರಿಸಿದ್ದರು.

1999ರ ಜನವರಿ 31, ರವಿವಾರ. ಚೆನ್ನೈಯಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್. ಗೆಲ್ಲಲು 271 ಓಟ ಬೇಕಿತ್ತು. ತೆಂಡೂಲ್ಕರ 136 ಹೊಡೆದು ಔಟಾದಾಗ ಇನ್ನು 17 ಓಟ, ಕೈಯಲ್ಲಿ ಮೂರು ವಿಕೆಟ್. ಆಗ ಕ್ರೀಸಿನಲ್ಲಿದ್ದವರು ನಮ್ಮ ಜೋಶಿ. ಮನೆಯ ಟಿ.ವಿ.ಯ ಮುಂದೆ ಓಣಿಯೇ ನೆರೆದಿತ್ತು. ಸಕ್ಲೇನ್ ಮುಷ್ತಾಕ್ ತಮ್ಮದೇ ಎಸೆತದಲ್ಲಿ ಜೋಶಿಯವರ ಕ್ಯಾಚ್ ಹಿಡಿದಾಗ ಯಾರೂ ಮಾತನಾಡಲಿಲ್ಲ. ಭಾರತ 12 ಓಟಗಳಿಂದ ಸೋತಿತು. ನಾಲ್ಕು ದಿನ ಕಳೆದು ದಿಲ್ಲಿಯಲ್ಲಿ ನಡೆದ ಮುಂದಿನ ಟೆಸ್ಟಿನಲ್ಲಿ ಜೋಶಿಯವರ ಸ್ಥಾನದಲ್ಲಿ ಹರಭಜನ ಸಿಂಗ್ ಇದ್ದರು. ಕುಂಬ್ಳೆಯವರು ಒಂದೇ ಇನಿಂಗ್ಸಿನಲ್ಲಿ 74 ಓಟ ಕೊಟ್ಟು ಹತ್ತಕ್ಕೆ ಹತ್ತು ವಿಕೆಟ್ ಕಿತ್ತ ಪಂದ್ಯ ಅದು. ಇತಿಹಾಸದ ಆ ಪುಟದ ಹಿಂದಿನ ಪುಟದಲ್ಲಿ ಜೋಶಿ ಉಳಿದುಬಿಟ್ಟರು.

ಅದೇ ವರ್ಷದ ಸೆಪ್ಟೆಂಬರ್ 26, ಅದೂ ರವಿವಾರವೇ. ಕೀನ್ಯಾದ ನೈರೋಬಿ. ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿ ತಮ್ಮ ಪಾಲಿನ 10 ಓವರುಗಳಲ್ಲಿ 6 ಮೇಡನ್ ಹಾಕಿ, ಕೇವಲ 6 ಓಟ ಕೊಟ್ಟು 5 ವಿಕೆಟ್ ಪಡೆದರು. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್ ಅವರಂಥವರು ಆ ಎಡಗೈಗೆ ಶರಣಾದರು. ತಂಡ 117ಕ್ಕೆ ಮುಗಿಯಿತು. ಅರವತ್ತು ಎಸೆತಗಳಲ್ಲಿ ಆರು ಓಟ! ಮರುದಿನ ನಾನು ಕರಿಹಲಗೆಯ ಮೇಲೆ 10-6-6-5 ಎಂದು ಬರೆದು, ಇದರ ಅರ್ಥ ಹೇಳಿದವರಿಗೆ ಮೊದಲ ಪ್ರಶ್ನೆ ಮಾಫಿ ಎಂದೆ. ಇಡೀ ತರಗತಿ ಕೈ ಎತ್ತಿತು. ನಮ್ಮ ಎಡಗೈಯ ಹುಡುಗ ಎತ್ತಿದ್ದು ಎಡಗೈಯನ್ನೇ.

2000ದ ನವೆಂಬರಿನಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿತು. ಸೌರವ ಗಂಗೂಲಿಯವರಿಗೂ ನಾಯಕನಾಗಿ ಅದೇ ಮೊದಲ ಟೆಸ್ಟ್. ಕುಂಬ್ಳೆಯವರು ಭುಜದ ನೋವಿನಿಂದ ಹೊರಗಿದ್ದರು. ಬಾಂಗ್ಲಾ ತಂಡ 400 ಓಟ ಹೊಡೆಯಿತು. ಅಮೀನುಲ್ ಇಸ್ಲಾಂ ಅವರದು 145. ಜೋಶಿ 142 ಓಟಕ್ಕೆ 5 ವಿಕೆಟ್ ಪಡೆದರು. ಬಳಿಕ ಭಾರತದ ವಿಕೆಟ್ಟುಗಳು ಉರುಳುತ್ತಿರಲು ಬ್ಯಾಟ್ ಹಿಡಿದು ಬಂದು, ನಾಯಕರೊಡನೆ ನೂರಕ್ಕೂ ಮಿಕ್ಕಿದ ಜೊತೆಯಾಟವಾಡಿ 92 ಓಟ ಗಳಿಸಿದರು. ಎರಡನೆಯ ಸರದಿಯಲ್ಲಿ ಮತ್ತೆ 3 ವಿಕೆಟ್. ಬಾಂಗ್ಲಾ 91ಕ್ಕೆ ಕುಸಿಯಿತು. ಪಂದ್ಯಪುರುಷ ಪ್ರಶಸ್ತಿ ಜೋಶಿಯವರದಾಯಿತು. ಒಂದು ದೇಶದ ಟೆಸ್ಟ್ ಚರಿತ್ರೆಯ ಮೊದಲ ಪುಟದಲ್ಲಿ ಗದುಗಿನವರ ಹೆಸರು ಹೀಗೆ ಅಚ್ಚಾಗಿದೆ.

ಆ ಬಳಿಕ ಅವರು ಆಡಿದ್ದು ಜಿಂಬಾಬ್ವೆ ವಿರುದ್ಧದ ಎರಡೇ ಟೆಸ್ಟ್. ಅಲ್ಲಿಗೆ ಮುಗಿಯಿತು. 2001ರ ಆರಂಭದಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ತಂಡ ಬಂದಾಗ ಭಾರತ ಮುಂಬಯಿಯಲ್ಲಿ ರಾಹುಲ್ ಸಾಂಘ್ವಿಯವರನ್ನು, ಕೋಲ್ಕತಾದಲ್ಲಿ ವೆಂಕಟಪತಿ ರಾಜು ಅವರನ್ನು, ಚೆನ್ನೈಯಲ್ಲಿ ನಿಲೇಶ ಕುಲಕರ್ಣಿಯವರನ್ನು ಆಡಿಸಿತು. ಮೂರು ಟೆಸ್ಟ್, ಮೂವರು ಬೇರೆ ಬೇರೆ ಎಡಗೈ ಸ್ಪಿನ್ನರುಗಳು. ಮೂರು ತಿಂಗಳ ಹಿಂದೆ ಪಂದ್ಯಪುರುಷನಾದವರು ಅವರಲ್ಲಿಲ್ಲ! ಆ ಸರಣಿಯಲ್ಲಿ ಹರಭಜನರು 32 ವಿಕೆಟ್ ಕಿತ್ತದ್ದರಿಂದ ಈ ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಅದೇ ಮಾರ್ಚಿನಲ್ಲಿ ಜೋಶಿಯವರ ಕೊನೆಯ ಏಕದಿನ ಪಂದ್ಯವೂ ಆಗಿಹೋಯಿತು. ಆಗ ಅವರಿಗೆ ಮೂವತ್ತು.

ಟೆಸ್ಟಿನಲ್ಲಿ 41 ವಿಕೆಟ್, ಏಕದಿನದಲ್ಲಿ 69 ಪಂದ್ಯಗಳಿಗೆ 69 ವಿಕೆಟ್. ಇದನ್ನು ಕಂಡು ಕೆಲವರು, ಸಿಕ್ಕ ಅವಕಾಶ ಸಾಲದೆ ಹೋಯಿತು ಎನ್ನುತ್ತಾರೆ. ಕೆಲವರು, ಅವರ ಯೋಗ್ಯತೆಯೇ ಅಷ್ಟು ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕುಂಬ್ಳೆಯವರ ಕಾಲದಲ್ಲಿ ಭಾರತದ ತಂಡದಲ್ಲಿ ಸ್ಪಿನ್ನರನಿಗೆ ಖಾಲಿ ಉಳಿಯುತ್ತಿದ್ದುದು ಒಂದೇ ಕುರ್ಚಿ. ವಿದೇಶದಲ್ಲಿ ಎಷ್ಟೋ ಸಲ ಅದೂ ಇಲ್ಲ. ಆ ಒಂದು ಕುರ್ಚಿಗೆ ಹತ್ತು ಜನ. ಜೋಶಿಯವರನ್ನು ಅಳೆಯಬೇಕಾದದ್ದು ಅದರ ನಂತರದ ಹತ್ತು ವರ್ಷಗಳಿಂದ. ನೀಲಿ ಅಂಗಿ ಇನ್ನು ಸಿಗದೆಂದು ತಿಳಿದ ಮೇಲೂ ಅವರು ಕರ್ನಾಟಕಕ್ಕಾಗಿ ಆಡುತ್ತಲೇ ಇದ್ದರು. 2012ರಲ್ಲಿ ನಿವೃತ್ತಿ ಘೋಷಿಸುವ ಹೊತ್ತಿಗೆ 160 ಪ್ರಥಮದರ್ಜೆ ಪಂದ್ಯಗಳು, 615 ವಿಕೆಟ್ಟುಗಳು, ಐದು ಸಾವಿರಕ್ಕೂ ಹೆಚ್ಚು ಓಟಗಳು. ಖಾಲಿ ಗ್ಯಾಲರಿಗಳ ಮುಂದೆ, ಕ್ಯಾಮೆರಾ ಇಲ್ಲದ ಮೈದಾನಗಳಲ್ಲಿ ಎಸೆದ ಚೆಂಡುಗಳ ಫಲ ಇದು. ನಮ್ಮ ವೃತ್ತಿಯಲ್ಲಿಯೂ ಇಂಥವರನ್ನು ಕಂಡಿದ್ದೇನೆ. ಮುಖ್ಯೋಪಾಧ್ಯಾಯರಾಗುವ ಯೋಗವಿಲ್ಲವೆಂದು ತಿಳಿದ ಮೇಲೂ ಕೊನೆಯ ದಿನದವರೆಗೆ ಪಾಠಟಿಪ್ಪಣಿ ಬರೆದುಕೊಂಡು ಬರುತ್ತಿದ್ದವರು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಅಲ್ಲಿಯ ಬೇಸ್‌ಬಾಲಿನ ಬಗ್ಗೆ ಆಗಾಗ ಹೇಳುತ್ತಿರುತ್ತಾನೆ. ಅಲ್ಲಿ ದೂರದಲ್ಲಿ ನಿಂತು ಚೆಂಡು ಹಿಡಿಯುವವನಿಗೆ ಔಟ್‌ಫೀಲ್ಡರ್ ಎಂದು ಹೆಸರು. ನಮ್ಮ ಬೌಂಡರಿಯ ಕ್ಷೇತ್ರರಕ್ಷಕನಿದ್ದಂತೆ. ಅಲ್ಲಿ ದೊಡ್ಡ ತಂಡಗಳ ಕೆಳಗೆ ಚಿಕ್ಕ ಊರುಗಳಲ್ಲಿಯೂ ಸಂಬಳದ ತಂಡಗಳಿವೆಯಂತೆ. ಅವಕ್ಕೆ ಮೈನರ್ ಲೀಗ್ ಎನ್ನುತ್ತಾರೆ. ಹುಡುಗರು ಬಸ್ಸಿನಲ್ಲಿ ಊರೂರು ಸುತ್ತುತ್ತ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಬಹುಪಾಲು ಜನ ಮೇಲಿನ ಮೆಟ್ಟಿಲು ಕಾಣದೆಯೇ ಮುಗಿಸುತ್ತಾರೆ. ಆದರೆ ಏಣಿಯಂತೂ ಇದೆ. ನಮ್ಮಲ್ಲಿ ಆಗ ಗದುಗಿನಿಂದ ಹುಬ್ಬಳ್ಳಿಗೊಂದು ಮೆಟ್ಟಿಲು, ಅಲ್ಲಿಂದ ನೇರ ಬೆಂಗಳೂರಿಗೆ ಇನ್ನೊಂದು. ನಡುವೆ ಕಾಲಿಡಲು ತಾವಿರಲಿಲ್ಲ. ಗದುಗಿಗಾದರೂ ರೈಲಿತ್ತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಅದೂ ಇಲ್ಲ. ಗದಗ-ಯಲವಿಗಿ ಮಾರ್ಗಕ್ಕಾಗಿ ಜನ ಮನವಿ ಕೊಟ್ಟು ಕೊಟ್ಟು ಎಷ್ಟು ವರ್ಷಗಳಾದವೋ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಹತ್ತನೆಯ ತರಗತಿಯಲ್ಲಿದ್ದಾಗ ಅವನನ್ನು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಕಳಿಸಬೇಕೆಂದು ದೈಹಿಕ ಶಿಕ್ಷಕರೂ ನಾನೂ ಅವನ ತಂದೆಯನ್ನು ಕರೆಸಿದೆವು. ಆತ ನೆಲದ ಮೇಲೆ ಬೆರಳಾಡಿಸುತ್ತ ಲೆಕ್ಕ ಹಾಕಿದ. “ನಮ್ಮ ಹಳ್ಳಿಯಿಂದ ಮುಂಡರಗಿ, ಮುಂಡರಗಿಯಿಂದ ಗದಗ, ಗದಗಿನಿಂದ ಹುಬ್ಬಳ್ಳಿ. ಹೋಗೂದ ನೂರ ಕಿಲೋಮೀಟರ್ ದಾಟತೈತ್ರಿ ಸರ. ಮೊದಲನೇ ಬಸ್ಸು ಹತ್ತಿದ್ರೂ ಹುಡುಗ ಮುಟ್ಟೂದ್ರಾಗ ಅಲ್ಲಿ ಆಟ ಮುಗದಿರತೈತಿ.” ಅಲ್ಲೇ ಇರಿಸೋಣವೆಂದರೆ ಖರ್ಚು, ಆ ವರ್ಷಗಳಲ್ಲಿ ಮಳೆಯೂ ಕೈಕೊಟ್ಟಿತ್ತು. ಆತ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ. ಪಾಸಾಗಿ, ಮುಂದೆ ಬೀಜ-ಗೊಬ್ಬರದ ಅಂಗಡಿ ಇಟ್ಟು, ಚೆನ್ನಾಗಿಯೇ ಬಾಳುತ್ತಿದ್ದಾನೆ. ರಸೀದಿ ಬರೆಯುವುದು ಎಡಗೈಯಿಂದಲೇ, ಅಕ್ಷರ ಮುತ್ತಿನಂತಿದೆ.

ಜೋಶಿಯವರ ಎರಡನೆಯ ಬದುಕು ನನಗೆ ಮೊದಲಿನದಕ್ಕಿಂತ ಹೆಚ್ಚು ಪ್ರಿಯ, ಏಕೆಂದರೆ ಅದು ಗುರುವಿನ ಬದುಕು. 2014ರಲ್ಲಿ ಅವರು ಜಮ್ಮು-ಕಾಶ್ಮೀರ ತಂಡದ ತರಬೇತುದಾರರಾಗಿದ್ದರು. ಆ ಸೆಪ್ಟೆಂಬರಿನಲ್ಲಿ ಕಾಶ್ಮೀರವನ್ನು ಮಹಾಪೂರ ಮುಳುಗಿಸಿತ್ತು. ಅಂಥ ಸ್ಥಿತಿಯಿಂದ ಎದ್ದು ಬಂದ ತಂಡ ಡಿಸೆಂಬರಿನಲ್ಲಿ, ನಲವತ್ತು ಸಲ ರಣಜಿ ಗೆದ್ದ ಮುಂಬಯಿಯನ್ನು ಅದರ ವಾಂಖೇಡೆ ಅಂಗಳದಲ್ಲಿಯೇ ನಾಲ್ಕು ವಿಕೆಟ್ಟುಗಳಿಂದ ಸೋಲಿಸಿತು. ಮುಂದೆ ಅವರು ಒಮಾನ್ ತಂಡಕ್ಕೆ, 2017ರಿಂದ ಬಾಂಗ್ಲಾದೇಶಕ್ಕೆ ಸ್ಪಿನ್ ವಿದ್ಯೆ ಹೇಳಿಕೊಟ್ಟರು. ಯಾವ ದೇಶದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ ಕಿತ್ತರೋ ಆ ದೇಶದ ಮಕ್ಕಳಿಗೇ ಗುರುವಾದರು. 2020ರ ಮಾರ್ಚಿನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಅವರ ಸಮಿತಿ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡವನ್ನು ಆರಿಸಿತು. 2021ರ ಜನವರಿಯಲ್ಲಿ ಆ ತಂಡ ಬ್ರಿಸ್ಬೇನಿನಲ್ಲಿ ಗೆದ್ದು ಸರಣಿಯನ್ನೂ ಗೆದ್ದಾಗ ಅಧ್ಯಕ್ಷರ ಸ್ಥಾನದಲ್ಲಿ ಬೇರೆಯವರಿದ್ದರು. ಜೋಶಿಯವರ ಜಾತಕದಲ್ಲಿ ಇಂಥದು ಬರೆದೇ ಇದೆಯೇನೋ.

ಈಗ ಎಡಗೈ ಸ್ಪಿನ್ನಿನ ಪರಂಪರೆ ನಮ್ಮ ಉತ್ತರ ಕರ್ನಾಟಕದಲ್ಲಿ ಬೇರೊಂದು ದಾರಿ ಹಿಡಿದಿದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ಓಟಕ್ಕೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್ಲಿಗೆ ಒಯ್ದಳು. ಲಾರ್ಡ್ಸಿನ ಫೈನಲ್ಲಿನಲ್ಲೂ ಆಡಿದಳು. ನಾನು ಸೇವೆಗೆ ಸೇರಿದಾಗ ನಮ್ಮ ಹೆಣ್ಣುಮಕ್ಕಳಿಗೆ ಆಟವೆಂದರೆ ಖೋ-ಖೋ, ಅದೂ ಋತುಮತಿಯಾಗುವವರೆಗೆ ಮಾತ್ರ.

ಈಚೆಗೆ ಮುಂಡರಗಿಗೆ ಹೋದಾಗ ಆ ಗೊಬ್ಬರದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಹನ್ನೆರಡು ವರ್ಷದ ಹುಡುಗಿ ಖಾಲಿ ಗೋಡೆಗೆ ಚೆಂಡು ಎಸೆಯುತ್ತಿದ್ದಳು. ಎಡಗೈ. ಚೆಂಡು ಗೋಡೆ ಮುಟ್ಟುವ ಮೊದಲು ಸರಿಯುತ್ತಿತ್ತು. ತಂದೆ ನನ್ನತ್ತ ನೋಡಿ, “ಸರ, ಈಕಿನ್ನ ಹುಬ್ಬಳ್ಳಿಗೆ ಕಳಿಸಲೇನ್ರಿ? ಈಗ ಗಾಡಿ ಐತಿ. ಶನಿವಾರ, ರವಿವಾರ ನಾನ ಕರಕೊಂಡು ಹೋಗಿ ಬರಬಹುದು” ಎಂದ. ಹುಬ್ಬಳ್ಳಿಯ ರಾಜನಗರದಲ್ಲಿ ಈಗ ರಣಜಿ ಪಂದ್ಯಗಳು ನಡೆಯುವ ಒಳ್ಳೆಯ ಮೈದಾನವಿದೆ. ಆದರೆ ಹುಡುಗಿಯರಿಗೆ ಅಕ್ಕರೆಯಿಂದ ಸ್ಪಿನ್ ಹೇಳಿಕೊಡುವವರು ಅಲ್ಲಿ ಯಾರೆಂಬುದನ್ನು ವಿಚಾರಿಸಿ ಹೇಳುತ್ತೇನೆಂದು ಒಪ್ಪಿಕೊಂಡು ಬಂದಿದ್ದೇನೆ.

ಹುಬ್ಬಳ್ಳಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅಂಥವರ ಪರಿಚಯವಿದ್ದರೆ ದಯವಿಟ್ಟು ತಿಳಿಸಿರಿ. ದೀಪಾವಳಿಯ ರಜೆಗೆ ಮುಂಚೆ ತಿಳಿದರೆ ಅನುಕೂಲ.